ಮೂರು ನಲವತ್ತರ ಹಾಡು

“ಇನ್ನೊಂದು ಸಲ ಹಾಕು,” ಎಂದಳು ಅಜೋಕೆ.

“ಹದಿನೇಳು ಸಲ ಆಯ್ತು ಆಂಟಿ. ಇನ್ನೊಂದು ಸಲ ಹಾಕಿದ್ರೆ ಸತ್ತೋನೇ ಎದ್ದು ಬಂದು ‘ಸಾಕು ನಿಲ್ಸ್ರೋ’ ಅಂತಾನೆ.”

“ಹಾಕು ಅಂದೆ.”

ಸ್ಟುಡಿಯೋ ಮಾಲೀಕ ಕೊಲಾಪೊ ಮುಖ ಗಂಟಿಕ್ಕಿಕೊಂಡು ಗುಂಡಿ ಒತ್ತಿದ. ಊಟದ ತಟ್ಟೆಯಷ್ಟು ಅಗಲದ ಎರಡು ರೀಲುಗಳು ತಿರುಗತೊಡಗಿದವು. ಹಾಡುಗಾರ ಬಾಬಾ ಲಿಗಾಲಿಯ ಒಡಕು ದನಿ ಕೋಣೆ ತುಂಬಿತು. ಅದರ ಹಿಂದೆಯೇ, ಶ್ರುತಿ ಹೋಲಿಸಿ ನೋಡಲೆಂದು ಕಂಪ್ಯೂಟರಿನಲ್ಲಿ ಇಟ್ಟಿದ್ದ ಕೀಬೋರ್ಡು ವಾದ್ಯ ಶುರುವಾಯಿತು. ಶುರುವಾದ ಮರುಕ್ಷಣ ಅಜೋಕೆಯ ಹಲ್ಲು ಜುಮ್ಮೆಂದಿತು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ಟೇಪಿನ ದನಿ ಕೀಬೋರ್ಡಿಗಿಂತ ಅರ್ಧ ಸ್ವರದಷ್ಟು ಕೆಳಗೆ ನಿಂತಿತ್ತು. ಮೂರು ದಿನದಿಂದ ಹೀಗೇ ನಿಂತಿತ್ತು.

ಮೂರು ದಿನ! ಮೊದಲ ದಿನ ವಯರು ಸರಿಯಿಲ್ಲ ಅಂದುಕೊಂಡು ಅಲಾಬಾ ಮಾರುಕಟ್ಟೆಯವರೆಗೆ ಅಲೆದು ಹೊಸ ವಯರು ತಂದಿದ್ದಳು. ಎರಡನೆಯ ದಿನ, ಟೇಪಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ನೀಲಿ ಪೆಟ್ಟಿಗೆ ವೇಗದ ಒಂದು ಲೆಕ್ಕ ಹಿಡಿದಿದೆ, ಕಂಪ್ಯೂಟರಿನ ಪ್ರೋಗ್ರಾಂ ಇನ್ನೊಂದು ಲೆಕ್ಕ ಹಿಡಿದಿದೆ ಎಂದು ಗೊತ್ತಾಗಿ, ಎರಡನ್ನೂ ಕಿವಿ ಹಿಂಡಿ ಒಂದೇ ದಾರಿಗೆ ತಂದಿದ್ದಳು. ಏನೂ ಬದಲಾಗಲಿಲ್ಲ. ಪ್ರೋಗ್ರಾಮಿನಲ್ಲೇ ದನಿಯನ್ನು ಮೇಲಕ್ಕೆ ಎತ್ತಿ ನೋಡಿದಳು. ಎಪ್ಪತ್ತು ದಾಟಿದ ಬಾಬಾ ಲಿಗಾಲಿ ಮೇಕೆಮರಿಯ ಹಾಗೆ ಅರಚಿದ.

“ಈ ದರಿದ್ರ ಪ್ರೋಗ್ರಾಂ ದುಡ್ಡು ಕೊಟ್ಟು ತಂದಿದ್ದೇನೋ?”

“ದುಡ್ಡು ಕೊಟ್ಟು ಯಾರು ತರ್ತಾರೆ ಆಂಟಿ? ನಾನೇನು ಗವರ್ನರ್ ಅಳಿಯನಾ?”

ಬೇರೆ ಹೊತ್ತಾಗಿದ್ದರೆ ಅಜೋಕೆ ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಗೋಡೆ ಗಡಿಯಾರ ಮೂರು ದಾಟಿತ್ತು. ಐದಕ್ಕೆ ಇನ್‌ಸ್ಪೆಕ್ಟರ್ ಒಸಾಗಿ ಬರುತ್ತಾನೆ. ಈ ಹಾಡು ಅಸಲು ಎಂದು ಅವನ ಮುಂದೆ ಸಹಿ ಹಾಕಿದರೆ ನಾಳೆ ಬೆಳಿಗ್ಗೆ ತಮ್ಮ ಜಿಮೋ ಲಾಕಪ್ಪಿನಿಂದ ಹೊರಗೆ. ಇಲ್ಲದಿದ್ದರೆ ಟೇಪು ಸರಕಾರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿಂದ ಉತ್ತರ ಬರಲು ಆರು ತಿಂಗಳು. ಅಷ್ಟರಲ್ಲಿ ಜಿಮೋನಂಥ ಮೆತ್ತನೆಯ ಹುಡುಗ ಜೈಲಿನಲ್ಲಿ ಏನಾಗುತ್ತಾನೋ, ಅದನ್ನು ನೆನೆಯಲೂ ಅವಳಿಗೆ ಧೈರ್ಯವಿರಲಿಲ್ಲ.

ವಿಷಯ ಇಷ್ಟು. ಗುರುವಾರ ಸಂಜೆ ಆರಕ್ಕೆ ಬಾಬಾ ಲಿಗಾಲಿ ತನ್ನ ಅರೆಕಟ್ಟಿದ ಮನೆಯ ಒಳಗಿನ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಬಿದ್ದಿದ್ದ. ಪ್ರಾಣ ಹೋದದ್ದು ಹನ್ನೆರಡರಿಂದ ಐದರೊಳಗೆ ಎಂದರು ಡಾಕ್ಟರು. ಅವನ ಮೇಳದ ಡೋಲಿನವನು ಜಿಮೋ ಆ ಮಧ್ಯಾಹ್ನ ಅಲ್ಲೇ ಕೂಗಾಡಿ ಜಗಳ ಮಾಡಿ ಎರಡೂವರೆಗೆ ಹೊರಬಿದ್ದದ್ದನ್ನು ಅರ್ಧ ಓಣಿ ನೋಡಿತ್ತು. ಮೂರರಿಂದ ರಾತ್ರಿಯವರೆಗೆ ಅವನು ಒಂದು ನಾಮಕರಣದ ಮನೆಯಲ್ಲಿ ನೂರು ಜನರ ಮುಂದೆ ಡೋಲು ಬಾರಿಸಿದ್ದ.

ಅಂದರೆ ಎರಡೂವರೆಯ ನಂತರ ಬಾಬಾ ಬದುಕಿದ್ದ ಎಂದು ತೋರಿಸಿದರೆ ಸಾಕು. ಕೊಲಾಪೊನ ಹೇಳಿಕೆ ಅದನ್ನೇ ತೋರಿಸುತ್ತಿತ್ತು. ಗುರುವಾರ ಮೂರಕ್ಕೆ ಬಾಬಾ ಸ್ಟುಡಿಯೋಗೆ ಬಂದ, ಎಂದಿನಂತೆ ಟೇಪಿಗೆ ಹಾಡಿದ. ಎಂದಿನಂತೆ ಕೊಲಾಪೊ ಆ ಕೂಡಲೇ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ನಾಲ್ಕಕ್ಕೆ ಬಾಬಾ ಒಬ್ಬನೇ ನಡೆದು ಹೋದ. ಕಂಪ್ಯೂಟರಿನಲ್ಲಿ ಹಾಡಿನ ಪಕ್ಕ ಸಮಯ ಬಿದ್ದಿತ್ತು: ಗುರುವಾರ, ಮೂರು ನಲವತ್ತು.

“ಆ ಸಮಯ ತಿದ್ದಿದ್ದಲ್ಲ, ಅದನ್ನ ನಾನೇ ನೋಡಿದೀನಿ,” ಅಜೋಕೆ ತನಗೆ ತಾನೇ ಗೊಣಗಿದಳು. “ಎಲ್ಲಾ ಸರಿಯಾಗಿದೆ. ಮತ್ತೆ ಈ ಹಾಳು ಶ್ರುತಿ ಯಾಕೆ ಕೂರ್ತಿಲ್ಲ?”

“ಮುದಿ ಮಶೀನು ಆಂಟಿ. ಮುಚ್ಚಿಹೋದ ರೇಡಿಯೋ ಸ್ಟೇಷನ್ನಿಂದ ತಂದಿದ್ದು. ಬಾಬಾಗೆ ಇದೇ ಬೇಕು. ‘ಕಂಪ್ಯೂಟರು ನನ್ನ ದನೀನ ತಿಂದು ತೇಗ್ತದೆ’ ಅಂತಿದ್ದ. ಬಿಡಿ, ಸಹಿ ಹಾಕಿ. ಪೊಲೀಸ್ನೋರಿಗೆ ಶ್ರುತಿ ಏನು ಗೊತ್ತು?”

“ನನಗೆ ಗೊತ್ತಲ್ಲ!”

ಅದೇ ಅವಳ ಕರ್ಮ. ಮುಷಿನ್ ಬಡಾವಣೆಯಲ್ಲಿ ಯಾರು ಯಾರ ಹಾಡು ಕದ್ದರೆಂದು ಜಗಳ ಬಂದರೆ ಸಂಗೀತಗಾರರ ಸಂಘ ಕರೆಸುವುದು ಅಜೋಕೆಯನ್ನೇ. ಅವಳ ಕಿವಿ ಒಪ್ಪಿದರೆ ಎರಡೂ ಕಡೆಯವರು ಒಪ್ಪುತ್ತಾರೆ. ಆ ಹೆಸರಿಗಾಗಿಯೇ ಇನ್‌ಸ್ಪೆಕ್ಟರು, ಸ್ವಂತ ತಮ್ಮನ ಕೇಸಾದರೂ ಪರವಾಗಿಲ್ಲ, ನೀನೇ ಕೇಳಿ ಹೇಳು ಅಂದದ್ದು.

ಮೇಜಿನ ಮೇಲೆ ಪೇಪರಿನಲ್ಲಿ ಸುತ್ತಿದ ಅಲಸಂದೆ ಬೋಂಡ, ಆಕರಾ, ತಣ್ಣಗಾಗಿ ಎಣ್ಣೆ ಬಿಡುತ್ತಿತ್ತು. ಮೂವತ್ತು ವರ್ಷದಿಂದ ಓಣಿಯ ತುದಿಯಲ್ಲಿ ಆಕರಾ ಕರಿದು ಮಕ್ಕಳನ್ನು ಬೆಳೆಸಿದ ತಾಯಿ ಬೆಳಿಗ್ಗೆ ಅದನ್ನು ಕೈಗಿಟ್ಟು, “ತಿನ್ಕೊಂಡು ಕೆಲ್ಸ ಮಾಡು. ತಮ್ಮನ್ನ ಕರ್ಕೊಂಡು ಬಾ,” ಎಂದಿದ್ದಳು. ಗುರುವಾರದಿಂದ ಅವಳು ಹೆಚ್ಚು ಮಾತಾಡಿರಲಿಲ್ಲ.

ಅಜೋಕೆ ಎದ್ದು ಮೂಲೆಯಲ್ಲಿದ್ದ ಬಾಬಾನ ಅಗಿಡಿಗ್ಬೊವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮರದ ಪೆಟ್ಟಿಗೆ, ಅದರ ಮೇಲೆ ಐದು ಉಕ್ಕಿನ ನಾಲಗೆ. ಡೋಲಿನ ಚರ್ಮ ಮಳೆಗೆ ಇಳಿಯುತ್ತದೆ, ಬಿಸಿಲಿಗೆ ಏರುತ್ತದೆ. ಉಕ್ಕಿಗೆ ಆ ಕಾಟವಿಲ್ಲ. ಇಪ್ಪತ್ತು ವರ್ಷದಿಂದ ಅದರ ಶ್ರುತಿಯನ್ನು ಯಾರೂ ಮುಟ್ಟಬಾರದೆಂದು ಬಾಬಾನ ಕಟ್ಟಪ್ಪಣೆಯಿತ್ತು. ಟೇಪಿನಲ್ಲಿ ನುಡಿಯುತ್ತಿದ್ದದ್ದೂ ಇದೇ ಪೆಟ್ಟಿಗೆ.

ಅವಳು ಮೊದಲ ನಾಲಗೆಯನ್ನು ಮೀಟಿದಳು. ಕೀಬೋರ್ಡಿನ ಜೊತೆ ಸರಿಯಾಗಿ ಕೂತಿತು. ಟೇಪಿನಲ್ಲಿ ಅದೇ ನಾಲಗೆ ಅರ್ಧ ಸ್ವರ ಕೆಳಗೆ ಅಳುತ್ತಿತ್ತು.

“ಹಾಗಾದ್ರೆ ತಪ್ಪು ಟೇಪಿಂದೇ. ನಿನ್ನ ಕಂಪ್ಯೂಟರಿಂದಲ್ಲ, ನೀಲಿ ಪೆಟ್ಟಿಗೆದಲ್ಲ, ವಯರಿಂದಲ್ಲ. ಮೂರು ದಿನ ಕತ್ತೆ ದುಡಿದ ಹಾಗೆ ದುಡಿದೆ, ಥೂ!”

ಥೂ ಅನ್ನುವುದಕ್ಕೂ ಲೈಟು ಹೋಗುವುದಕ್ಕೂ ಸರಿಹೋಯಿತು. ಫ್ಯಾನು ನಿಂತಿತು. ಕಂಪ್ಯೂಟರು ಕಣ್ಣು ಮುಚ್ಚಿತು. ಬೆಳಿಗ್ಗೆಯಿಂದ ಗುರುತು ಹಾಕಿಟ್ಟಿದ್ದೆಲ್ಲ ಅದರ ಹೊಟ್ಟೆಯಲ್ಲೇ ಹೋಯಿತು. ಅಜೋಕೆ ತಲೆಯ ಮೇಲೆ ಕೈ ಹೊತ್ತು ಕೂತಳು.

“ಅಯ್ಯೋ, ಅಳ್ಬೇಡಿ ಆಂಟಿ. ಜನರೇಟರ್ ಹಾಕ್ತೀನಿ.”

“ಅಳ್ತಿಲ್ಲ ಕಣೋ! ಹೋಗು, ಹಾಕು!”

ಹಿತ್ತಲಿನ ಬಾಲ್ಕನಿಯಲ್ಲಿ ಕೊಲಾಪೊ ಹಗ್ಗ ಎಳೆದ. ಒಂದು, ಎರಡು, ಐದು ಸಲ. ಆರನೆಯ ಎಳೆತಕ್ಕೆ ಜನರೇಟರು ಕೆಮ್ಮಿ ಗುಡುಗಿತು. ಫ್ಯಾನು ಮೊದಲಿಗಿಂತ ಜೋರಾಗಿ ತಿರುಗಿತು. ಕಂಪ್ಯೂಟರು ಏಳಲು ಹತ್ತು ನಿಮಿಷ ಬೇಕು. ಸುಮ್ಮನೆ ಕೂರಲಾರದೆ ಅಜೋಕೆ ಟೇಪಿನ ಗುಂಡಿ ಒತ್ತಿದಳು. ಬೆರಳು ತನ್ನಷ್ಟಕ್ಕೆ ಅಗಿಡಿಗ್ಬೊದ ಮೊದಲ ನಾಲಗೆಯನ್ನು ಮೀಟಿತು.

ಎರಡೂ ಒಂದೇ ಸ್ವರ.

ಅವಳು ಮತ್ತೆ ಮೀಟಿದಳು. ಎರಡನೆಯದು, ಮೂರನೆಯದು. ಐದಕ್ಕೆ ಐದೂ ಟೇಪಿನ ಜೊತೆ ಹಾಲು ಸಕ್ಕರೆಯಂತೆ ಬೆರೆತವು.

“ಕೊಲಾಪೊ! ಸಿಕ್ತು ಕಣೋ, ಸಿಕ್ತು!” ಅವಳು ಕೂಗಿಯೇಬಿಟ್ಟಳು. ಕೊಲಾಪೊ ಓಡಿ ಬಂದ. “ನಿನ್ನ ಮುದಿ ಮಶೀನು ಕೆಟ್ಟಿಲ್ಲ. ಇದರ ಮೋಟಾರು ಕರೆಂಟಿನ ಮಿಡಿತ ಹಿಡಿದು ತಿರುಗುತ್ತೆ. ನಿನ್ನ ಜನರೇಟರಿನ ಮಿಡಿತ ಕಂಬದ ಲೈಟಿಗಿಂತ ಚುರುಕು. ಅದರ ಸ್ಕ್ರೂ ತಿರುಗಿಸಿಟ್ಟಿದ್ದೀಯಾ?”

“ಫ್ಯಾನು ಜೋರಾಗಿ ಓಡ್ಲಿ ಅಂತ, ಸ್ಟುಡಿಯೋಗೆ ತಂದ ದಿನಾನೇ ತಿರುಗಿಸಿದ್ದು. ಆಮೇಲೆ ಮುಟ್ಟಿಲ್ಲ.”

“ಅದೇ! ಜನರೇಟರಿನಲ್ಲಿ ಟೇಪು ಚುರುಕಾಗಿ ಓಡಿದೆ, ಆಗ ಹಾಡು ಹಿಡಿದಿದ್ದೀಯ. ಆಮೇಲೆ ಲೈಟಿನಲ್ಲಿ ನಿಧಾನ ಓಡಿಸಿದಾಗ ಶ್ರುತಿ ಇಳಿದಿದೆ. ಅಷ್ಟೇ ಕಣೋ! ಬಾಬಾ ಹಾಡುವಾಗ ಜನರೇಟರ್ ಓಡ್ತಿತ್ತು, ನೀನು ಕಂಪ್ಯೂಟರಿಗೆ ಇಳಿಸೋ ಹೊತ್ತಿಗೆ ಲೈಟು…”

ಅವಳು ತಲೆಯೆತ್ತಿ ಅವನ ಮುಖ ನೋಡಿದಳು.

ಕೊಲಾಪೊ ಅವಳ ಜೊತೆ ನಗಲಿಲ್ಲ. ಅವನು ಹಣೆಯ ಬೆವರು ಒರೆಸಿಕೊಂಡ. ಆ ಕೋಣೆಯಲ್ಲಿ ಫ್ಯಾನು ಅಷ್ಟು ಜೋರಾಗಿ ತಿರುಗುತ್ತಿತ್ತು, ಆದರೂ ಒರೆಸಿಕೊಂಡ.

ಅಜೋಕೆ ಎದ್ದು ಬೀದಿ ಕಡೆಯ ಕಿಟಕಿಗೆ ಹೋದಳು. ಕೆಳಗೆ ಗೇಟು ಬೆಸೆಯುವ ಟಾಫಾ ಲೈಟು ಹೋದ ಸಿಟ್ಟಿಗೆ ಬೆಂಚಿನ ಮೇಲೆ ಮಲಗಿದ್ದ. ಅವನ ಅಂಗಡಿಗೂ ಈ ಸ್ಟುಡಿಯೋಗೂ ಒಂದೇ ಕಂಬದ ತಂತಿ.

“ಟಾಫಾ! ಗುರುವಾರ ಮಧ್ಯಾಹ್ನ ಲೈಟು ಇತ್ತೇನೋ?”

ಟಾಫಾ ಎದ್ದು ಕೂತ. ಆ ದಿನವನ್ನು ನೆನೆದೇ ಅವನ ಮುಖ ಅರಳಿತು. “ಗುರುವಾರ! ಅಯ್ಯೋ, ಹಬ್ಬ ಆಂಟಿ, ಹಬ್ಬ! ಹನ್ನೆರಡಕ್ಕೆ ಬಂದಿದ್ದು ರಾತ್ರಿ ಹತ್ತಕ್ಕೆ ಹೋಯ್ತು. ನಡುವೆ ಒಂದ್ಸಲ ಕಣ್ಣು ಮಿಟುಕಿಸ್ಲಿಲ್ಲ. ಮೂರು ಗೇಟು ಮುಗಿಸಿದೆ! ಕರೆಂಟ್ ಕಂಪನಿಯೋನಿಗೆ ಹುಚ್ಚು ಹಿಡೀತು ಅಂದ್ಕೊಂಡ್ವಿ.”

“ಕೊಲಾಪೊನ ಜನರೇಟರ್ ಸದ್ದು ಕೇಳಿದ್ಯಾ ಅವತ್ತು?”

“ಲೈಟಿರೋವಾಗ ಪೆಟ್ರೋಲ್ ಸುಡೋಕೆ ಅವನಿಗೇನು ತಲೆ ಕೆಟ್ಟಿದ್ಯಾ?”

ಹೌದು. ಲೈಟು ಬಂದ ಮೇಲೂ ಜನರೇಟರ್ ಓಡಿಸುವ ಗಂಡಸು ಈ ಮುಷಿನ್‌ನಲ್ಲಿ ಇನ್ನೂ ಹುಟ್ಟಿಲ್ಲ. ಲೈಟು ಬಂತೋ ಅಂತ ಮಕ್ಕಳು ಕೂಗುವ ಮೊದಲೇ ಸ್ವಿಚ್ಚು ಆಫ್ ಆಗಿರುತ್ತದೆ. ಅದು ಇಲ್ಲಿಯವರ ಕೈಗೆ ಹತ್ತಿದ ರೂಢಿ, ಉಸಿರಾಡಿದ ಹಾಗೆ.

ಅಜೋಕೆ ಕಿಟಕಿ ಮುಚ್ಚಿ ತಿರುಗಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಈ ಹಾಡು ಗುರುವಾರ ಹಾಡಿದ್ದಲ್ಲ.”

“ಆಂಟಿ, ಟಾಫಾನ ಮಾತು ನಂಬ್ತೀರಾ? ಅವನು ಕುಡುಕ…”

“ಟಾಫಾ ಹಾಳಾಗ್ಲಿ. ಟೇಪು ಹೇಳ್ತಿದೆ. ಬಾಬಾ ಹಾಡಿದ ದಿನ ಇಲ್ಲಿ ಲೈಟಿರ್ಲಿಲ್ಲ. ಗುರುವಾರ ಲೈಟಿತ್ತು. ಗುರುವಾರ ನೀನು ಮಾಡಿದ್ದು ಹಳೇ ಟೇಪನ್ನ ಕಂಪ್ಯೂಟರಿಗೆ ಇಳಿಸಿದ್ದು, ಅಷ್ಟೇ. ಬಾಬಾ ಅವತ್ತು ಇಲ್ಲಿಗೆ ಬಂದೇ ಇಲ್ಲ.”

“ನನಗೆ ನೆನಪಿಲ್ಲ. ಜನರೇಟರ್ ಹಾಕಿದ್ನೋ ಏನೋ…”

“ಕೊಲಾಪೊ!” ಅವಳ ಕೂಗಿಗೆ ಅಗಿಡಿಗ್ಬೊದ ನಾಲಗೆಗಳು ಝುಂ ಎಂದವು. “ನನ್ನ ತಮ್ಮನ ಪ್ರಾಣ ಈ ಟೇಪಿನ ಮೇಲೆ ನಿಂತಿದೆ. ಮೂರು ದಿನದಿಂದ ವಯರು ಹುಡುಕ್ಕೊಂಡು ನಾನು ಬೀದಿ ಬೀದಿ ಅಲೀತಿದ್ರೆ, ನೀನು ಇಲ್ಲಿ ಕೂತು ‘ಮುದಿ ಮಶೀನು ಆಂಟಿ’ ಅಂತ ರಾಗ ಎಳೀತಿದ್ಯಲ್ಲೋ! ಯಾಕೆ ಮಾಡ್ದೆ? ಬಾಬಾನ ಸಾವಲ್ಲಿ ನಿನ್ನ ಕೈ ಇದ್ಯಾ? ಇವತ್ತು ಹೇಳ್ದೆ ಹೋದ್ರೆ ಐದಕ್ಕೆ ಒಸಾಗಿ ಹತ್ರ ನಿನ್ನ ಹೆಸರೇ ಹೇಳ್ತೀನಿ.”

ಕೊಲಾಪೊ ಸಿಟ್ಟಿಗೆದ್ದ. ಇಷ್ಟು ಹೊತ್ತು ಅವನಲ್ಲಿದ್ದ ಸಲಿಗೆಯ ನಗೆ ಪೂರ್ತಿ ಹೋಯಿತು.

“ನನ್ನ ಹೆಸರಾ? ಹೇಳಿ! ಒಳ್ಳೇದು ಮಾಡಕ್ಕೆ ಹೋಗಿದ್ದಕ್ಕೆ ನನಗೆ ಇದೇ ಆಗ್ಬೇಕು. ನಾನು ಸುಳ್ಳು ಹೇಳಿದ್ದು ಯಾರಿಗೋಸ್ಕರ ಅಂದ್ಕೊಂಡ್ರಿ? ನಿಮ್ಮನೆಯವರಿಗೋಸ್ಕರ!”

“ಜಿಮೋ ಹೇಳಿದ್ನಾ?”

“ಜಿಮೋಗೆ ಇದರ ಗಾಳೀನೂ ಗೊತ್ತಿಲ್ಲ.”

“ಮತ್ಯಾರು?”

ಅವಳು ಅವನ ಅಂಗಿಯ ಕಾಲರು ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ, ನೆಲ ನೋಡುತ್ತಾ ನಿಂತ.

“ನಿಮ್ಮ ಅಮ್ಮ.”

ಅಜೋಕೆ ಕಾಲರು ಬಿಟ್ಟಳು.

“ಈ ಹಾಡನ್ನ ಬಾಬಾ ಹಾಡಿದ್ದು ಹೋದ ಮಳೆಗಾಲದಲ್ಲಿ,” ಕೊಲಾಪೊ ಒಂದೇ ಉಸಿರಿಗೆ ಹೇಳತೊಡಗಿದ. “ಇಲ್ಲೇ, ಇದೇ ಮಶೀನಲ್ಲಿ. ಅವತ್ತು ಲೈಟಿರ್ಲಿಲ್ಲ. ‘ನಾನು ಸಾಯೋವರೆಗೆ ಇದನ್ನ ಯಾರೂ ಕೇಳಬಾರದು’ ಅಂತ ರೀಲು ತಗೊಂಡು ಹೋಗಿ ತನ್ನ ಕಪಾಟಲ್ಲಿಟ್ಟು ಬೀಗ ಹಾಕ್ಕೊಂಡ. ಗುರುವಾರ ನಿಮ್ಮಮ್ಮ ಆ ರೀಲು ತಂದ್ಳು. ಆಕರಾ ಬೋಗುಣಿಯ ತಳದಲ್ಲಿ, ಬಟ್ಟೇಲಿ ಸುತ್ಕೊಂಡು. ‘ಬಾಬಾನೇ ಕಳ್ಸಿದ್ದು, ಇದನ್ನ ಈಗ್ಲೇ ಕಂಪ್ಯೂಟರಿಗೆ ಇಳಿಸು, ಯಾರಾದ್ರೂ ಕೇಳಿದ್ರೆ ಬಾಬಾನೇ ಬಂದು ಹಾಡಿ ನಾಲ್ಕಕ್ಕೆ ಹೋದ ಅಂತ ಹೇಳು’ ಅಂದ್ಳು. ಯಾಕಮ್ಮಾ ಅಂದೆ. ‘ನಾನು ನಿನಗೆ ಅನ್ನ ಹಾಕಿದೀನೋ ಇಲ್ವೋ’ ಅಂದ್ಳು. ನಾನೇನು ಮಾಡ್ಲಿ ಆಂಟಿ? ಊರಿಂದ ಬರಿಗೈಲಿ ಬಂದ ವರ್ಷ ನನಗೆ ಬೆಳಗಿನ ತಿಂಡಿ ಕೊಟ್ಟಿದ್ದು ಅವಳೊಬ್ಬಳೇ.”

“ಕಪಾಟಿನ ಕೀಲಿ ಬಾಬಾನ ಸೊಂಟದಲ್ಲೇ ಇರ್ತಿತ್ತು,” ಅಂದಳು ಅಜೋಕೆ. ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು. “ಸ್ನಾನಕ್ಕೂ ಬಿಚ್ಚುತ್ತಿರ್ಲಿಲ್ಲ.”

“ಗೊತ್ತು.”

“ಅಮ್ಮ ಬಂದಾಗ ಎಷ್ಟು ಗಂಟೆ?”

“ಕಂಪ್ಯೂಟರಿಗೆ ಇಳಿಸಿದ್ದು ಮೂರು ನಲವತ್ತಕ್ಕೆ, ಅಂದ್ರೆ ಅವಳು ಬಂದಾಗ ಮೂರೂವರೆ. ನಾಲ್ಕಕ್ಕೆ, ಕೀಲಿ ವಾಪಸ್ ಇಡ್ಬೇಕು ಅಂತ ಎದ್ದು ಹೋದ್ಳು.”

ಹೆಣ ಸಿಕ್ಕಿದ್ದು ಆರಕ್ಕೆ. ಮೂರೂವರೆಗೆ ಬಾಬಾ ಸತ್ತಿದ್ದಾನೆಂದು ಈ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾಬಾ ಬದುಕಿದ್ದ ಎಂದು ತೋರಿಸುವ ಅಗತ್ಯ ಆ ಹೊತ್ತಿನಲ್ಲಿ ಅಮ್ಮನಿಗೆ ಏಕೆ ಬಂತು? ಮಗನ ಮೇಲೆ ಅನುಮಾನ ಬರುತ್ತದೆಂದು ಅವಳಿಗೆ ಮೊದಲೇ ಹೇಗೆ ತಿಳಿಯಿತು? ಜಿಮೋ ಹೊರಟ ಮೇಲೆ ಅವಳು ಆ ಮೆಟ್ಟಿಲ ಬುಡದಲ್ಲಿ ಏನು ಕಂಡಳು? ಅಥವಾ… ಅಜೋಕೆಗೆ ಆ ‘ಅಥವಾ’ವನ್ನು ಮುಂದುವರಿಸುವ ಶಕ್ತಿಯಿರಲಿಲ್ಲ.

“ಪೊಲೀಸರ ಹತ್ರ ಯಾಕೆ ಹೋಗ್ಲಿಲ್ಲ?” ಎಂದಳು.

“ಹೋಗಿ ಏನನ್ಲಿ? ನಿಮ್ಮಮ್ಮನ್ನ ಹಿಡ್ಕೊಡ್ಲಾ? ಟೇಪು ಸುಳ್ಳು ಅಂದ್ರೆ ಜಿಮೋ ಒಳಗೆ. ಯಾಕೆ ಸುಳ್ಳು ಮಾಡಿದೆ ಅಂದ್ರೆ ಅಮ್ಮ ಒಳಗೆ. ನಿಮ್ಮ ಕಿವಿಗೆ ಇದು ಸಿಗ್ದೆ ಹೋದ್ರೆ ಸಾಕಪ್ಪಾ ಅಂತ ಮೂರು ದಿನದಿಂದ ಮಸೀದೀಲಿ ಬೇಡ್ಕೊಂಡಿದೀನಿ.”

ಮರದ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಐದಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಬೇಡದ ಹೊತ್ತಿಗೆ ಬೇಗ ಬರುವುದು ಪೊಲೀಸರ ಹುಟ್ಟುಗುಣ.

“ಏನ್ ಮೇಡಂ, ಮುಖ ಬಾಡಿದೆ?” ಇನ್‌ಸ್ಪೆಕ್ಟರ್ ಒಸಾಗಿ ಟೋಪಿ ತೆಗೆದು ಫ್ಯಾನಿನ ಕೆಳಗೇ ಕುರ್ಚಿ ಎಳೆದುಕೊಂಡ. ಹಿಂದೆ ಒಬ್ಬ ಕಾನ್‌ಸ್ಟೆಬಲ್ ಕಾಗದದ ಫೈಲು ಹಿಡಿದು ನಿಂತ. “ಓಹೋ, ಆಕರಾ! ತಿನ್ನೋರಿಲ್ವಾ?” ಎಂದು ಒಂದನ್ನು ಬಾಯಿಗೆ ಹಾಕಿಕೊಂಡ. “ಹೇಳಿ. ಅಸಲೋ, ನಕಲೋ?”

ಕೊಲಾಪೊ ಗೋಡೆಗೆ ಸರಿದು ನಿಂತ.

ಹದಿನೈದು ವರ್ಷ ಅಜೋಕೆ ತನ್ನ ಕಿವಿ ಒಪ್ಪದ ಒಂದು ಕಾಗದಕ್ಕೂ ಸಹಿ ಹಾಕಿದವಳಲ್ಲ. ಸ್ವಂತ ಗಂಡನ ಹಾಡು ಕದ್ದದ್ದು ಎಂದು ಸಂಘದ ಮುಂದೆ ಹೇಳಿ ಮನೆ ಮುರಿದುಕೊಂಡಿದ್ದಳು. ಅವತ್ತೂ ಇಷ್ಟು ಕಷ್ಟವಾಗಿರಲಿಲ್ಲ. ಲಾಕಪ್ಪಿನಲ್ಲಿ ಜಿಮೋ ನಿನ್ನೆ ಕಂಬಿಯ ಸಂದಿಯಿಂದ ಬೆರಳು ಚಾಚಿ, “ಅಕ್ಕಾ, ಇಲ್ಲಿ ಮಲಗಕ್ಕೂ ಸರದಿ,” ಅಂದದ್ದು ನೆನಪಾಯಿತು.

“ಅಸಲು,” ಎಂದಳು.

“ಗುರುವಾರ ಮೂರು ನಲವತ್ತಕ್ಕೆ ಬಾಬಾ ಲಿಗಾಲಿ ಬದುಕಿದ್ದ, ಇಲ್ಲಿ ಹಾಡಿದ. ಹಾಗೆ ಬರೀಲಾ?”

“ಬರೀರಿ.”

“ಅನುಮಾನ ಇಲ್ವಲ್ಲ? ಸಹಿ ನಿಮ್ಮದು, ಜವಾಬ್ದಾರಿ ನಿಮ್ಮದು.”

“ಅನುಮಾನ ಇಲ್ಲ.”

ಕಾನ್‌ಸ್ಟೆಬಲ್ ಬರೆದ. ಅಜೋಕೆ ಸಹಿ ಹಾಕಿದಳು. ಒಸಾಗಿ ಕಾಗದವನ್ನು ಎರಡು ಸಲ ಓದಿ, ಮಡಿಸಿ, ಜೇಬಿಗೆ ಹಾಕಿಕೊಂಡ.

“ಆಯ್ತು. ನಾಳೆ ಬೆಳಿಗ್ಗೆ ನಿಮ್ಮ ತಮ್ಮ ಮನೆಗೆ ಬರ್ತಾನೆ. ನಿಜ ಹೇಳ್ಲಾ ಮೇಡಂ? ನನಗೂ ಸಮಾಧಾನ ಆಯ್ತು. ಆ ಹುಡುಗನ ಮುಖ ನೋಡಿದ್ರೆ ಕೊಲೆಗಾರನ ಥರ ಕಾಣಲ್ಲ.” ಅವನು ಬೆರಳ ಎಣ್ಣೆಯನ್ನು ಪೇಪರಿಗೆ ಒರೆಸಿದ. “ಆದ್ರೆ ನನ್ನ ಕೆಲ್ಸ ಈಗ ಶುರು. ನಿಮ್ಮ ಸಹಿ ಪ್ರಕಾರ ಬಾಬಾ ಸತ್ತಿದ್ದು ನಾಲ್ಕರ ಮೇಲೆ, ಅಲ್ವಾ?”

“ಹೌದು.”

“ಡಾಕ್ಟರ ಪ್ರಕಾರ ಐದರೊಳಗೆ. ಆ ಒಂದು ಗಂಟೇಲಿ ಆ ಮನೆ ಒಳಗೆ ಹೋಗಿ ಬಂದೋರು ಒಬ್ಬರೇ. ಎದುರುಗಡೆ ನಾಲ್ಕರ ಮೇಲೆ ಕೂತು ಜೋಳ ಸುಡೋಳು ಮೊದಲನೇ ದಿನವೇ ಬಂದು ಹೇಳಿದ್ಳು. ನಿಮ್ಮ ತಮ್ಮನೇ ಸಿಕ್ಕಿದ್ನಲ್ಲ, ಅದಕ್ಕೆ ನಾನು ಆ ಮಾತು ಬರ್ಕೊಳ್ಳಲೂ ಇಲ್ಲ. ತಪ್ಪು ನನ್ನದೇ.”

ಅಜೋಕೆಗೆ ಕೇಳಬಾರದೆನಿಸಿತು. ಕೇಳದೆ ಇರಲೂ ಆಗಲಿಲ್ಲ. “ಯಾರು?”

“ಒಬ್ಬಳು ಹೆಂಗಸು. ವಯಸ್ಸಾದೋಳು. ನಾಲ್ಕೂಕಾಲಿಗೆ ಒಳಗೆ ಹೋಗಿ ಐದು ನಿಮಿಷಕ್ಕೆ ಹೊರಗೆ ಬಂದ್ಳಂತೆ, ಕಣ್ಣು ಒರೆಸ್ಕೊಂಡು. ತಲೆ ಮೇಲೆ ಆಕರಾ ಬೋಗುಣಿ.” ಒಸಾಗಿ ಕೊನೆಯ ಆಕರಾವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. “ನೀವು ಇಲ್ಲೇ ಹುಟ್ಟಿ ಬೆಳೆದೋರು. ಈ ಓಣೀಲಿ ಆಕರಾ ಮಾರೋರು ಎಷ್ಟು ಜನ ಇದ್ದಾರೆ ಮೇಡಂ?”